ಕರಿಬೇವಿನ ಕುಂಡದ ಮಣ್ಣು

ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೊಸ ಆಂಟಿಬಯೋಟಿಕ್ ಹುಡುಕುವುದು ನನ್ನ ಕೆಲಸ. ಹಳೇ ಔಷಧಿಗಳಿಗೆ ಎಷ್ಟೋ ರೋಗಾಣುಗಳು ಈಗ ಕ್ಯಾರೇ ಅನ್ನುವುದಿಲ್ಲ. ಹೊಸಕೆರೆಹಳ್ಳಿ ಕೆರೆಯ ಅಂಚಿನಿಂದ ಜಯನಗರದ ಪಾರ್ಕುಗಳವರೆಗೆ ನಾನು ಕೆದಕದ ಜಾಗವಿರಲಿಲ್ಲ, ಸಿಕ್ಕಿದ್ದು ಮಾತ್ರ ಏನೂ ಇಲ್ಲ. ಬೇಸತ್ತು, ಬನಶಂಕರಿಯ ನಮ್ಮನೆ ತಾರಸಿಯಲ್ಲಿದ್ದ ಕರಿಬೇವಿನ ಕುಂಡದಿಂದಲೇ ಒಂದು ಚಮಚ ಮಣ್ಣು ಒಯ್ದೆ.

ಲ್ಯಾಬಿನಲ್ಲಿ ರೋಗಾಣು ಸವರಿದ ತಟ್ಟೆಯ ಮೇಲೆ ಅದನ್ನು ಉದುರಿಸಿದೆ. ಮರುದಿನ ನೋಡಿದರೆ ಮಣ್ಣಿನ ಸುತ್ತ ಒಂದೂ ರೋಗಾಣು ಬೆಳೆದಿರಲಿಲ್ಲ. ಖುಷಿಗೆ ಕುಣಿಯುವುದೊಂದು ಬಾಕಿ. ಮಣ್ಣಿನಲ್ಲಿರುವ ರಾಸಾಯನಿಕ ಯಾವುದೆಂದು ಯಂತ್ರಕ್ಕೆ ಕೊಟ್ಟು ನೋಡಿದೆವು. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಮೂಲಿ ಆಂಟಿಬಯೋಟಿಕ್ ಅದು!

ಸಿಟ್ಟು ನೆತ್ತಿಗೇರಿ ಮನೆಗೆ ಬಂದೆ. "ಅಮ್ಮ, ಕರಿಬೇವಿಗೆ ಏನು ಹಾಕಿದ್ದೆ?"

"ಡಾಕ್ಟರ್ ಕೊಟ್ಟಿದ್ದ ಮಾತ್ರೆ ಕಣೇ. ಜ್ವರ ಬಿಟ್ಮೇಲೆ ಯಾಕೆ ನುಂಗ್ಬೇಕು? ಎಸೆಯೋಕೆ ಮನಸ್ಸು ಬರ್ಲಿಲ್ಲ, ಪುಡಿ ಮಾಡಿ ಗಿಡಕ್ಕೆ ಹಾಕ್ದೆ."

ಎಲ್ಲರೂ ಹೀಗೆ ಮಾತ್ರೆ ಅರ್ಧಕ್ಕೆ ಬಿಟ್ಟಿದ್ದಕ್ಕೇ ರೋಗಾಣುಗಳು ಗಟ್ಟಿಯಾಗಿರೋದು, ಅದಕ್ಕೇ ನಾನು ಮಣ್ಣು ಕೆದಕಿಕೊಂಡು ಅಲೀತಿರೋದು ಎಂದು ಕೂಗಾಡಿದೆ.

ಅಮ್ಮ ಅದೇ ಗಿಡದ ಎಲೆ ಕಿತ್ತು ಒಗ್ಗರಣೆಗೆ ಹಾಕುತ್ತಾ ಅಂದಳು: "ಹಂಗಾದ್ರೆ ನಿನ್ ಕೆಲಸ ನಡೀತಿರೋದೇ ನನ್ನಂಥೋರಿಂದ ಅನ್ನು."