ಅಬೌಟ್ ಟರ್ನ್ ಮೇಡಮ್ಮ

ಮಧುಗಿರಿಯ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಬಂದ ಡ್ರಿಲ್ ಮೇಡಮ್ಮ ಸೀರೆಯ ನೆರಿಗೆಯನ್ನು ಗೇಣುದ್ದ ಮೇಲೆತ್ತಿ ಸಿಕ್ಕಿಸಿಕೊಂಡೇ ಅಂಗಳಕ್ಕೆ ಇಳಿಯುತ್ತಿದ್ದರು. ಅವರ ಹೆಜ್ಜೆ ನಮಗೆ ಕಾಣಬೇಕಲ್ಲ! ರೈಟ್ ಟರ್ನ್ ಎಂದರೆ ಬಲಗಾಲಿನ ಹಿಮ್ಮಡಿ, ಎಡಗಾಲಿನ ತುದಿ, ಕಾಲು ಸುತ್ತು. ಅದನ್ನೇ ಅರ್ಧ ಸುತ್ತು ತಿರುಗಿದರೆ ಅಬೌಟ್ ಟರ್ನ್, ಬಂದ ದಿಕ್ಕಿಗೇ ಮುಖ. ನಾವು ಕೋಲಾಟದವರಂತೆ ಬಳುಕಿದರೆ ಸಿಡುಕುತ್ತಿದ್ದರು: "ಹಿಮ್ಮಡಿ ಮೇಲೆ ತಿರುಗ್ರೇ, ಸೊಂಟದ ಮೇಲಲ್ಲ!"

ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರು ಶಾಲೆ ನೋಡಲು ಬರುವ ಹಿಂದಿನ ದಿನ, ಶಾಲಾ ಕಮಿಟಿಯ ಯಜಮಾನರು ನಮ್ಮ ಕವಾಯತು ನೋಡಿ ಕೆಂಡವಾದರು.

"ದೊಡ್ಡೋರ್ಗೆ ಹೆಣ್ಮಕ್ಳು ಬೆನ್ನು ತೋರ್ಸದಾ? ಆ ಅಬೌಟ್ ಟರ್ನ್ ತೆಗೆದ್ಬುಡಿ."

"ತೆಗೆದ್ರೆ ಮಕ್ಕಳು ವಾಪಸ್ ಹೆಂಗೆ ಬರ್ತಾರೆ ಸ್ವಾಮಿ?"

"ಬಾಯಿ ಮುಚ್ಕೊಂಡು ಹೇಳಿದ್ದು ಮಾಡಮ್ಮ. ಕೆಲ್ಸ ಬೇಕೋ ಬ್ಯಾಡ್ವೋ?"

ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ನಮ್ಮೆಲ್ಲರ ಎದುರಿಗೇ ಅಂದರು! ಮೇಡಮ್ಮ ಸೆರಗು ಬಿಗಿದುಕೊಂಡರು.

ಮರುದಿನ "ಮಾರ್ಚ್" ಎಂದ ಮೇಡಮ್ಮ ಆಮೇಲೆ ನಿಜಕ್ಕೂ ಬಾಯಿ ಮುಚ್ಚಿಕೊಂಡರು. ನಾವು ಲೆಫ್ಟ್ ರೈಟ್ ಎನ್ನುತ್ತ ನೇರ ಅಮಲ್ದಾರರ ಕಡೆಗೇ ನಡೆದೆವು. ಮುಂದಿನ ಸಾಲು ಅವರ ಮೇಜನ್ನು ಒತ್ತಿತು. ಹಾರದ ತಟ್ಟೆ ಜಾರಿ ಅವರ ತೊಡೆಯ ಮೇಲೆ ಬಿತ್ತು.

"ತಿರುಗ್ರೇ! ಹಿಂದಕ್ಕೆ ತಿರುಗ್ರೇ!" ಎಂದು ಅರಚಿದವರು ಪಕ್ಕದ ಕುರ್ಚಿಯಲ್ಲಿದ್ದ ಸಾಕ್ಷಾತ್ ಯಜಮಾನರೇ.

ಮೇಡಮ್ಮನ ದನಿ ತಣ್ಣಗೆ ಬಂತು: "ಕೇಳಿಸ್ತೇನ್ರೇ? ಹಿಮ್ಮಡಿ ಮೇಲೆ, ಸೊಂಟದ ಮೇಲಲ್ಲ."

ಇಡೀ ಶಾಲೆ ಒಂದೇ ಏಟಿಗೆ ಯಜಮಾನರಿಗೆ ಬೆನ್ನು ತಿರುಗಿಸಿತು.