ಬೆಟ್ಟಕ್ಕೆ ಕೊಟ್ಟ ಶುಕ್ರವಾರದ ರಜೆ

ಗಿಡಗಳಿಗೆ ಬುದ್ಧಿಯಿದೆ, ಮಾತನಾಡಿಸಿದರೆ ಚೆನ್ನಾಗಿ ಬೆಳೆಯುತ್ತವೆ ಎಂದು ಬರೆದು ಕಳಿಸುವವರ ಲೇಖನಗಳನ್ನು ಪತ್ರಿಕೆಯಲ್ಲಿದ್ದಷ್ಟು ಕಾಲವೂ ನಾನು ಪೂರ್ತಿ ಓದದೆ ಕಸದ ಬುಟ್ಟಿಗೆ ಹಾಕಿದವನು. ಕಂಡದ್ದನ್ನು ಬರೆ, ಉಳಿದದ್ದನ್ನು ಬಿಡು ಎಂಬುದು ನಾನು ಕಲಿತ ಕೆಲಸ. ಇದು ಕೂಡ ಕಂಡದ್ದೇ. ನಂಬಿ ಎಂದು ಒತ್ತಾಯಿಸುವುದಿಲ್ಲ.

ತೊಂಬತ್ತರ ದಶಕದ ನಡುವೆ ನಾನು ದೋಹಾದಲ್ಲಿ ವರದಿಗಾರನಾಗಿದ್ದೆ. ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವ ದಾರಿಯಲ್ಲಿ ಏಸಿ ಮಾರುವ ಕಂಪನಿಯೊಂದು ತನ್ನ ಶೋರೂಮಿನೊಳಗೆ ಗಾಜಿನ ಕೋಣೆ ಕಟ್ಟಿಸಿ, ಆಳೆತ್ತರದ ಕಲ್ಲುಗುಡ್ಡೆ ಮಾಡಿಸಿ, ಅದರ ಬುಡದ ಸುತ್ತ ಹಿಮಾಲಯದ ಗಿಡಗಳನ್ನು ನೆಡಿಸಿತ್ತು. ಮರಗಳೇ ಬೆಳೆಯದ ಎತ್ತರದಲ್ಲಿ ನೆಲಕ್ಕೆ ಅಂಟಿಕೊಂಡು ಬದುಕುವ ಪುಟ್ಟ ಗಿಡಗಳು. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಹಿಮಾಲಯ. ಯಂತ್ರ ಮಾರಲು ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಅವುಗಳನ್ನು ಬೆಟ್ಟದ ನರ್ಸರಿಯೊಂದರಲ್ಲಿ ಬೀಜದಿಂದ ಬೆಳೆಸಿ ತಂದವರು ಮೈಸೂರಿನ ಶಾರದಾ, ಸಸ್ಯಶಾಸ್ತ್ರ ಓದಿದವರು. ಪ್ರದರ್ಶನ ಮುಗಿದ ಮೇಲೆ ಒಂದೂ ಬಿಡದೆ ಮರಳಿ ಕಳಿಸುತ್ತೇವೆ ಎಂದು ಕಂಪನಿ ಅವರಿಗೆ ಮಾತು ಕೊಟ್ಟಿತ್ತು. ಅಲ್ಲಿ ವಾರದ ರಜೆ ಶುಕ್ರವಾರ. ಆದರೆ ಪ್ರತಿ ರಜೆಯ ನಂತರ ಗಿಡಗಳು ಬಾಡಿರುತ್ತಿದ್ದವು. ಶುಕ್ರವಾರ ಕಚೇರಿಯ ಏಸಿ ಆರಿಸುವಾಗ ಗಾಜಿನ ಕೋಣೆಯದನ್ನೂ ಆರಿಸುತ್ತಾರೆಂಬುದು ಅವರ ಅನುಮಾನ. ಗುರುವಾರ ನಾನು ಲೇಖನಕ್ಕೆಂದು ಫೋಟೊ ತೆಗೆದು ಹೊರಡುವಾಗ, "ನಾಳೆ ಮಧ್ಯಾಹ್ನ ಸಾಕ್ಷಿಗೆ ಬರ್ತೀರಾ?" ಎಂದು ಕೇಳಿದರು. ಬೀಗದ ಕೈ ಇದ್ದದ್ದು ಮ್ಯಾನೇಜರ್ ಜಯರಾಮಣ್ಣನ ಬಳಿ ಮಾತ್ರ. ಆ ಸಂಜೆ ನಮ್ಮ ಎದುರೇ ಅವರು ಗಾಜಿನ ಕೋಣೆಗೆ ಬೀಗ ಹಾಕಿದರು.

ಮರುದಿನ ನಾವು ಹೋದಾಗ ಗೊಣಗುತ್ತಲೇ ಬೀಗ ತೆಗೆದರು. "ಎಂತ ಮಾರಾಯ್ರೆ, ಶುಕ್ರವಾರ ಯಾರು ಬರ್ತಾರೆ ನೋಡ್ಲಿಕ್ಕೆ? ಮೆಷಿನಿಗೂ ಒಂದು ರಜೆ ಬೇಡ್ವಾ?"

"ಬೆಟ್ಟಕ್ಕೂ ಶುಕ್ರವಾರ ಅಂತ ಇರುತ್ತೇನು ಜಯರಾಮಣ್ಣ?" ಎಂದರು ಶಾರದಾ.

ಒಳಗೆ ಕುಲುಮೆಯ ಕಾವು. ಗುಡ್ಡೆಯ ಬುಡದಲ್ಲಿ ಹೆಸರಿನ ಚೀಟಿಗಳು ನೆಟ್ಟಲ್ಲೇ ಇದ್ದವು. ಗಿಡಗಳಿರಲಿಲ್ಲ. ಅಲ್ಲಿನ ಮಣ್ಣು ಕೆದರಿರಲಿಲ್ಲ, ಪಾಚಿಯ ಹೊದಿಕೆ ಹರಿದಿರಲಿಲ್ಲ. ತಲೆಯೆತ್ತಿ ನೋಡಿದೆ. ಅವೆಲ್ಲ ಗುಡ್ಡೆಯ ತುದಿಯಲ್ಲಿ ಒತ್ತೊತ್ತಾಗಿ ನಿಂತು ಒಟ್ಟಿಗೇ ಹೂ ಬಿಟ್ಟಿದ್ದವು. ಇನ್ನೂ ಮೇಲೆ ಜಾಗವಿಲ್ಲದೆ ಒಂದು ಗಿಡ ತಣ್ಣನೆಯ ಗಾಳಿ ಬರಬೇಕಿದ್ದ ಏಸಿಯ ಜಾಲರಿಗೇ ಬೇರು ಸುತ್ತಿಕೊಂಡಿತ್ತು. ಶಾರದಾ ಮೆಲ್ಲಗೆ ಎಳೆದು ನೋಡಿದರು. ಬೇರು ಬಿಡಲಿಲ್ಲ.

"ಗಿಡ ನಡೆಯಲ್ಲ ಸಾರ್," ಎಂದರು. "ಸೆಕೆ ಹೆಚ್ಚಿದ ಹಾಗೆ ಮೇಲೆ ತಂಪಲ್ಲಿ ಬಿದ್ದ ಬೀಜ ಬದುಕುತ್ತೆ, ಕೆಳಗಿದ್ದದ್ದು ಸಾಯುತ್ತೆ. ತಲೆಮಾರುಗಳು ಕಳೆದ ಮೇಲೆ ನೋಡಿದ್ರೆ ಬೆಟ್ಟ ಹತ್ತಿದ ಹಾಗೆ ಕಾಣುತ್ತೆ. ಒಂದು ರಾತ್ರಿಯಲ್ಲಿ ಅಲ್ಲ."

ಜಯರಾಮಣ್ಣ ಬೆಚ್ಚಿದ್ದರು. ಆದರೆ ಕ್ಷಣ ಮಾತ್ರ. "ಇದು ನಿಮ್ಮದೇ ಕೆಲಸ ಮೇಡಂ. ನನ್ನ ಹೆಸರು ಕೆಡಿಸ್ಲಿಕ್ಕೆ. ಖಲಾಸ್, ನಾಳೆಯಿಂದ ಬರುವುದು ಬೇಡ." ಬೀಗದ ಕೈ ನಿಮ್ಮ ಬಳಿಯೇ ಇತ್ತಲ್ಲ ಎಂದು ನಾನು ಕೇಳಿದ್ದಕ್ಕೆ, "ನೀವು ಪೇಪರಿನವರು, ನಿಮಗೆ ಮಸಾಲೆ ಬೇಕು," ಎಂದು ನಕ್ಕರು. "ಹೂ ಚಂದ ಉಂಟಲ್ಲ, ಅದರ ಫೋಟೊ ಹಾಕಿ."

"ಈ ಹೂವು ಸಂತೋಷಕ್ಕೆ ಬಿಟ್ಟದ್ದಲ್ಲ," ಎಂದರು ಶಾರದಾ. "ಸಾಯೋ ಮುಂಚೆ ಬೀಜ ಉಳಿಸೋ ಆತುರ. ಈಗಲೇ ಮೆಷಿನ್ ಹಾಕಿ. ಕೈ ಮುಗಿತೀನಿ."

ಜಯರಾಮಣ್ಣ ಹಾಕಲಿಲ್ಲ. ಜಾಲರಿ ಹಾಳಾದರೆ ಏಸಿಯ ಗ್ಯಾರಂಟಿ ಹೋಗುತ್ತದಂತೆ. ಮೊದಲು ಸ್ಕ್ರೂಡ್ರೈವರ್ ತಂದು, ನಾವು ನೋಡುತ್ತಿದ್ದಂತೆ ಆ ಗಿಡವನ್ನು ಕೆರೆದು ಹಾಕಿದರು. ಅದು ಬಿದ್ದ ಮೇಲೆ ಯಂತ್ರ ಓಡಿತು. ತಂಪು ಬಂತು, ತಡವಾಗಿ. ಒಂದು ಗಿಡವೂ ಉಳಿಯಲಿಲ್ಲ, ಬೀಜವೂ ಕಟ್ಟಲಿಲ್ಲ. ಶೋರೂಮಿನ ಕಿಟಕಿಯಲ್ಲಿ ಮಾತ್ರ ಆ ಹೂಗಳ ದೊಡ್ಡ ಚಿತ್ರ ಬಹಳ ದಿನ ತೂಗಾಡಿತು.

ಮಣ್ಣು ಕೆದರದೆ ಅವು ಮೇಲೆ ಹೋದದ್ದು ಹೇಗೆ? ತಿಳಿದವರನ್ನೆಲ್ಲ ಕೇಳಿದ್ದೇನೆ. ಸಿಕ್ಕ ಉತ್ತರಗಳಲ್ಲಿ ಒಂದನ್ನೂ ನಂಬಲಾಗಿಲ್ಲ. ಅದು ನನಗೆ ಇಂದಿಗೂ ಗೊತ್ತಿಲ್ಲ. ಸ್ವಿಚ್ಚು ಆರಿಸಿದ್ದು ಯಾರೆಂದು ಗೊತ್ತು. ವಿಚಿತ್ರ ಎಂದು ನಾನು ಈ ಕಥೆ ಹೇಳಿದಾಗಲೆಲ್ಲ ಜನ ಗಿಡಗಳ ಬಗ್ಗೆ ಮಾತ್ರ ಕೇಳುತ್ತಾರೆ. ಸ್ವಿಚ್ಚಿನ ಬಗ್ಗೆ ಯಾರೂ ಕೇಳಿಲ್ಲ.