ಸೋಸಿದ ಸೂಪಿನ ಆರು ವಾರ

ಆ ಚಳಿಗಾಲದಲ್ಲಿ ನನ್ನ ಗಂಡನ ದವಡೆ ಎರಡು ಕಡೆ ಮುರಿಯಿತು. ಅವರು ಪಂಪ್‌ಸೆಟ್ ರಿಪೇರಿ ಮಾಡುವವರು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ವಾರವಿಡೀ ಬೈಕಿನಲ್ಲಿ ತಿರುಗಾಟ. ಅಡರಕಟ್ಟಿಯ ತೋಟವೊಂದರಲ್ಲಿ ಕೆಲಸ ಮುಗಿಸಿ ಬರುವಾಗ ನಾಯಿ ಅಡ್ಡ ಬಂತು. ಕೈಕಾಲಿಗೆ ತರಚು ಗಾಯ ಅಷ್ಟೇ. ಗದ್ದ ಮಾತ್ರ ನೇರವಾಗಿ ರಸ್ತೆಗೆ ಬಡಿದಿತ್ತು.

ದವಾಖಾನೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಕೆನ್ನೆಯ ಸಂದಿಯಲ್ಲಿ ಸಣ್ಣ ರಬ್ಬರಿನ ಕೊಳವೆ ಇಟ್ಟು, ಸಿರಿಂಜಿನಿಂದ ನೀರಿನಂಥದ್ದನ್ನು ಮಾತ್ರ ಒಳಗೆ ಬಿಡಬೇಕು. ಮನೆಗೆ ಕಳಿಸುವಾಗ ವೈದ್ಯರು ತಂತಿ ಕತ್ತರಿಸುವ ಪುಟ್ಟ ಇಕ್ಕಳವೊಂದನ್ನು ನನ್ನ ಕೈಗೆ ಕೊಟ್ಟರು.

“ಇದನ್ನ ಅವರ ತಲಿದಿಂಬಿನ ಹತ್ರ ಇಡ್ರಿ. ವಾಂತಿ ಆಗಿ ಉಸಿರ ಕಟ್ಟಿದ್ರ ವಿಚಾರ ಮಾಡಾಕ ಹೋಗಬ್ಯಾಡ್ರಿ, ತಂತಿ ಕತ್ತರಿಸಿಬಿಡ್ರಿ.”

ನಾನು ತಲೆಯಾಡಿಸಿದೆ. ಬೆಟಗೇರಿಯ ಮನೆಗೆ ಬಂದು ಅದಕ್ಕೆ ದಾರ ಕಟ್ಟಿ ಮಂಚದ ತಲೆಕಡೆಯ ಮೊಳೆಗೆ ನೇತುಹಾಕಿದೆ.

ಮೊದಲ ದಿನ ಗಜ್ಜರಿ, ಕುಂಬಳಕಾಯಿ, ಟೊಮೆಟೊ, ಒಂದು ಹಿಡಿ ಹೆಸರುಬೇಳೆ ಕುಕ್ಕರಿನಲ್ಲಿ ಬೇಯಿಸಿ, ಮಿಕ್ಸಿಗೆ ಹಾಕಿ, ಸೋಸಿ, ಉಪ್ಪು ಬೆರೆಸಿ ಕುಡಿಸಿದೆ. ಅವರು ಕಣ್ಣು ಮುಚ್ಚಿ ನುಂಗಿದರು. ಆಮೇಲೆ ಪಕ್ಕದಲ್ಲಿದ್ದ ನೋಟ್‌ಬುಕ್ಕು ತೆಗೆದುಕೊಂಡು ಬರೆದರು: “ದವಾಖಾನಿ ವಾಸನಿ ಬರತೈತಿ.”

ಊಟಕ್ಕೆ ಹಸಿಮೆಣಸಿನಕಾಯಿ ಚಟ್ನಿ ಇಲ್ಲದಿದ್ದರೆ ತಟ್ಟೆ ಸರಿಸುತ್ತಿದ್ದ ಮನುಷ್ಯ. ಆದರೆ ಬಾಯೊಳಗೆ ಹೊಲಿಗೆ ಇತ್ತು, ಖಾರ ತಾಗಿದರೆ ಉರಿಯುತ್ತಿತ್ತು. ಮಸಾಲೆ ಪುಡಿ ಹಾಕಿದರೆ ತರಿ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ದಿನ ಹಾಗೂ ಹೀಗೂ ಮಾಡಿ ಕೊನೆಗೆ ಒಂದು ದಾರಿ ಸಿಕ್ಕಿತು. ಲವಂಗ, ದಾಲ್ಚಿನ್ನಿ, ಹುರಿದ ಜೀರಿಗೆ, ಜಜ್ಜಿದ ಒಣಶುಂಠಿ, ನಾಲ್ಕೇ ಕಾಳು ಮೆಣಸು, ಎರಡು ಎಸಳು ಬಳ್ಳೊಳ್ಳಿ, ಇಷ್ಟನ್ನೂ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಕಾಯಿಪಲ್ಲೆಯ ಜೊತೆಗೇ ಕುದಿಸುವುದು. ಗಂಟನ್ನು ಹಿಂಡಿ ತೆಗೆದು, ಉಳಿದದ್ದನ್ನು ರುಬ್ಬಿ ಎರಡು ಸಲ ಸೋಸುವುದು: ಮೊದಲು ಜರಡಿಯಲ್ಲಿ, ಆಮೇಲೆ ಬಟ್ಟೆಯಲ್ಲಿ. ಬಟ್ಟೆಯಿಂದ ಅದು ಹನಿಹನಿಯಾಗಿ ಇಳಿಯುತ್ತಿತ್ತು. ಹಿಂಡಿ ಹಿಂಡಿ ಮಣಿಕಟ್ಟು ನೋಯುತ್ತಿತ್ತು. ಸೋಸಿ ಉಳಿದ ಗಸಿಗೆ ಒಗ್ಗರಣೆ ಕೊಟ್ಟು ನಾನೂ ಅತ್ತೆಯೂ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆವು.

ಈ ಸೂಪು ಒಳಗೆ ಹೋದಾಗ ಅವರ ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿತು. ನೋಟ್‌ಬುಕ್ಕಿನಲ್ಲಿ ಬರೆದರು: “ಇದು ಅಡ್ಡಿಯಿಲ್ಲ.”

ಅಲ್ಲಿಂದ ದಿನಾ ಇದೇ ಆಯಿತು. ನಾನು ಡೋಣಿಯ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಐದಕ್ಕೆ ಎದ್ದು ಒಂದು ಸಲ ಸೂಪು ಮಾಡಿ ಕುಡಿಸಿ, ಮಧ್ಯಾಹ್ನ ಅತ್ತೆ ಕುಡಿಸಲೆಂದು ಥರ್ಮಾಸಿಗೆ ತುಂಬಿಟ್ಟು ಬಸ್ಸು ಹಿಡಿಯಬೇಕು. ಸಂಜೆ ಬಂದು ಸೀರೆ ಸಹ ಬದಲಿಸದೆ ಮತ್ತೆ ಕುಕ್ಕರು ಏರಿಸಬೇಕು. ಎಷ್ಟು ಕುಡಿದರೂ ಎರಡು ತಾಸಿಗೆ ಅವರಿಗೆ ಹಸಿವು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುವುದನ್ನು ಕಲಿತೆ. ಒಮ್ಮೆ ಡೋಣಿ ದಾಟಿ ಮುಂದಿನ ಊರಿನಲ್ಲಿ ಎಚ್ಚರವಾಯಿತು. ಇಳಿದು, ಎದುರಿನಿಂದ ಬರುವ ಬಸ್ಸಿಗೆ ಕಾಯುತ್ತ ನಿಂತಾಗ ಕಪ್ಪತಗುಡ್ಡದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ನನಗೆ ಅಳುವುದಕ್ಕೂ ಆಲಸ್ಯವಾಗಿತ್ತು.

ಅತ್ತೆಗೆ ಈ ಸೋಸುವ ಕೆಲಸ ಕಂಡರೆ ಆಗುತ್ತಿರಲಿಲ್ಲ. “ಸಾರ ಎಲ್ಲಾ ಬಟ್ಟ್ಯಾಗ ಉಳಿಸಿ ಬರೇ ನೀರ ಕುಡಸ್ತಿ. ಮೈಯಾಗ ಶಕ್ತಿ ಹೆಂಗ ಬರಬೇಕವಾ ಅವಗ?” ಎನ್ನುತ್ತಿದ್ದರು. ತರಿ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಪ್ರತಿ ಸಲ ಹೇಳಿ ನಾನು ಬಟ್ಟೆ ಹಿಂಡುತ್ತಿದ್ದೆ.

ಮೂರನೆಯ ವಾರದಲ್ಲಿ ಒಂದು ದಿನ ಬಸ್ಸು ಕೆಟ್ಟು ನಿಂತು ಮನೆಗೆ ಬರುವುದು ತಡವಾಯಿತು. ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ವಿಚಿತ್ರ ಸದ್ದು. ಓಡಿದೆ. ಅವರು ಮಂಚದ ಮೇಲೆ ಎದ್ದು ಕೂತಿದ್ದರು. ಮುಖ ಕೆಂಪಾಗಿ, ಕಣ್ಣು ಹೊರಬಂದಂತೆ, ಮುಚ್ಚಿದ ಹಲ್ಲಿನ ಹಿಂದೆ ಕೆಮ್ಮು ಒದ್ದಾಡುತ್ತಿತ್ತು. ಅತ್ತೆ ಸಿರಿಂಜು ಹಿಡಿದು ಗೋಡೆಗೆ ಆತು ನಿಂತಿದ್ದರು. ಬಟ್ಟಲಲ್ಲಿದ್ದದ್ದು ನನ್ನ ಸೂಪಲ್ಲ. ಸೋಸದ, ಮೆಣಸಿನ ಪುಡಿ ಹಾಕಿದ ಗಟ್ಟಿ ಬೇಳೆಸಾರು.

ನಾನು ಇಕ್ಕಳ ಕಿತ್ತುಕೊಂಡೆ. ಅವರ ತುಟಿ ಸರಿಸಿದೆ. ಎಲ್ಲಿ ಕತ್ತರಿಸಬೇಕೆಂದು ವೈದ್ಯರು ತೋರಿಸಿದ್ದರು. ಆದರೆ ಆ ಹೊತ್ತಿಗೆ ಎಲ್ಲ ತಂತಿಯೂ ಒಂದೇ ಆಗಿ ಕಂಡಿತು. ಅವರು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು ಬೇಡವೆಂದು ತಲೆಯಾಡಿಸಿದರು. ಮುಂದಕ್ಕೆ ಬಾಗಿದರು. ಬೆನ್ನು ತಟ್ಟಿದೆ. ಹಲ್ಲಿನ ಸಂದಿಯಿಂದ ಹಳದಿ ನೀರು ಸೋರಿ ನೆಲಕ್ಕೆ ಬಿತ್ತು. ಮೂಗಿನಿಂದ ಒಂದು ಉದ್ದನೆಯ ಉಸಿರು ಬಂತು, ಮತ್ತೊಂದು ಬಂತು.

ಆಗ ನಾನು ಅತ್ತೆಯ ಮೇಲೆ ಕೂಗಾಡಿದೆ. ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಏರಿಸಿದವಳಲ್ಲ. “ಎಷ್ಟ ಸಲ ಹೇಳೀನ್ರಿ ನಿಮಗ? ನಾ ಬರೂದು ಇನ್ನೊಂದೀಟ ತಡಾ ಆಗಿದ್ರ ಏನ್ ಮಾಡ್ತಿದ್ರಿ?”

ಅತ್ತೆ ಸಿರಿಂಜನ್ನು ಬಟ್ಟಲಲ್ಲಿ ಇಟ್ಟರು. “ನೀ ಬರಲಿಲ್ಲ. ಥರ್ಮಾಸ್ ಖಾಲಿ ಆಗಿತ್ತು. ಹಸಿದ ಕೂಸಿನಂಗ ಬಾಗಲಾ ನೋಡಾಕತ್ತಿದ್ದ,” ಎಂದರು. “ನನಗ ತಡಿಯಾಕ ಆಗಲಿಲ್ಲ.”

ನೆಲ ಒರೆಸಿ ಕುಕ್ಕರು ಏರಿಸಿದೆ. ಆ ರಾತ್ರಿ ಅತ್ತೆ ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ನಾನು ಎದ್ದಾಗ ಅಡಿಗೆಮನೆಯ ದೀಪ ಹತ್ತಿತ್ತು. ಅತ್ತೆ ಗಜ್ಜರಿ ಹೆಚ್ಚುತ್ತ ಕೂತಿದ್ದರು. ತಲೆಯೆತ್ತದೆ ಹೇಳಿದರು: “ಹೆಂಗ ಸೋಸತಿ ಒಂದ ಸಲ ತೋರಿಸಿಕೊಡು. ನಾಳಿಂದ ಮುಂಜಾನಿದ್ದು ನಾ ಮಾಡತೀನಿ.”

ಪಕ್ಕದಲ್ಲಿ ಕೂತು ತೋರಿಸಿದೆ. ಗಂಟಿಗೆ ಏನೇನು ಎಷ್ಟು ಹಾಕಬೇಕೆಂದು ಕೇಳಿಕೊಂಡರು. ಅವರ ಹಿಡಿತ ನನಗಿಂತ ಗಟ್ಟಿ; ನಾಲ್ಕೇ ಸಲ ಹಿಂಡಿ ಬಟ್ಟೆ ಒಣಗಿಸಿಬಿಟ್ಟರು. ಆಮೇಲೆ ಒಂದು ಚಮಚ ತೆಗೆದು ಬೆಳಕಿಗೆ ಹಿಡಿದು ನೋಡಿದರು. “ತರಿ ಅದಾವೇನ ನೋಡು.” ಇರಲಿಲ್ಲ.

ಉಳಿದ ಮೂರು ವಾರ ನಾನು ಆರಕ್ಕೆ ಏಳುತ್ತಿದ್ದೆ. ಆ ಒಂದು ತಾಸು ನನ್ನ ಜೀವ ಉಳಿಸಿತು ಎಂದರೆ ಹೆಚ್ಚಾಗಲಾರದು.

ತಂತಿ ಬಿಚ್ಚಿದ ದಿನ ಅವರ ಬಾಯಿ ಎರಡು ಬೆರಳು ಹಿಡಿಸುವಷ್ಟು ಮಾತ್ರ ತೆರೆಯಿತು. ಮನೆಗೆ ಬಂದು ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ನಾಲಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಚೀಪಿದರು. ಆಮೇಲೆ ಮಾತು ಶುರುವಾಯಿತು. ನಾಯಿ ಎಲ್ಲಿಂದ ಬಂತು, ಬ್ರೇಕು ಹೇಗೆ ಹಿಡಿದರು, ತೋಟದವರು ಹೇಗೆ ಎತ್ತಿ ಕೂರಿಸಿದರು, ಆರು ವಾರ ಒಳಗೆ ಇಟ್ಟುಕೊಂಡದ್ದೆಲ್ಲ ತೊದಲುತ್ತ ಹೊರಬರುತ್ತಿತ್ತು. ನಾನು ಗೋಡೆಗೆ ಒರಗಿ ಕೇಳಲು ಕೂತೆ. ನನ್ನ ಬಗ್ಗೆಯೂ ಒಂದು ಮಾತು ಬರಬಹುದೆಂದು ಕಾದದ್ದು ಸುಳ್ಳಲ್ಲ. ಅವರ ಮಾತಿನಲ್ಲಿ ನಾಯಿ ರಸ್ತೆಯ ಮಧ್ಯಕ್ಕೆ ಬಂದಿತ್ತು, ಅಷ್ಟು ನೆನಪಿದೆ. ಮುಂದೆ ಅರೆನಿದ್ದೆಯಲ್ಲಿ ಅತ್ತೆಯ ದನಿ ಕೇಳಿತು:

“ಸಣ್ಣಗ ಮಾತಾಡಪಾ. ಆಕಿಗೆ ನಿದ್ದಿ ಹತ್ತೇತಿ.”

ಯಾರೋ ನನ್ನ ಮೇಲೆ ಕೌದಿ ಹೊದಿಸಿದರು. ಯಾರೆಂದು ಕಣ್ಣು ಬಿಟ್ಟು ನೋಡಲಿಲ್ಲ.